ಮಹಡಿಯ ಎರಡು ಕೋಣೆಗಳ ಕೀಲಿಕೈ

ನಮ್ಮ ದೊಡ್ಡಪ್ಪನ ಮನೆಗೆ ಹನ್ನೊಂದು ಬಾಗಿಲು, ಕೀಲಿಕೈ ಮಾತ್ರ ಒಂದೇ ಇತ್ತು. ಬೀದಿ ಬಾಗಿಲು, ಹಿತ್ತಲ ಬಾಗಿಲು, ಮಲಗುವ ಕೋಣೆ, ಉಗ್ರಾಣ, ಮಹಡಿ, ಕಡೆಗೆ ಬಚ್ಚಲಿನ ಪಕ್ಕದ ಗೂಡು ಕೂಡ ಆ ಒಂದೇ ಕೀಲಿಗೆ ತೆರೆದುಕೊಳ್ಳುತ್ತಿತ್ತು. ನಲವತ್ತು ವರ್ಷ ಊರಿಗೆಲ್ಲ ಬೀಗ ಮಾಡಿಕೊಟ್ಟವರು ಅವರು. ಮನೆಗೆ ಬರುವ ಹೊತ್ತಿಗೆ ಬೇಸತ್ತು ಹೋಗಿರುತ್ತಿದ್ದರು. "ದಿನವಿಡೀ ಇದು ಯಾರ ಕೀ, ಅದು ಯಾರ ಕೀ ಅಂತ ಹುಡುಕ್ತೀನಿ, ಮನೇಲೂ ಅದೇ ಗೋಳಾ?" ಎನ್ನುತ್ತಿದ್ದರು. ಮನೆಯಲ್ಲಿ ಮಗು ಹುಟ್ಟಿದರೆ, ಸೊಸೆಯೋ ಅಳಿಯನೋ ಬಂದರೆ, ಆ ವಾರವೇ ಅರದಿಂದ ಉಜ್ಜಿ ಒಂದು ಹೊಸ ಕೀಲಿ ಮಾಡಿ ಕೈಗಿಡುತ್ತಿದ್ದರು. ನನಗೆ ಕೊಟ್ಟದ್ದು ನನ್ನ ಒಂಬತ್ತನೆಯ ವಯಸ್ಸಿನಲ್ಲಿ, ಓದಿಗೆಂದು ಅವರ ಮನೆಗೆ ಬಂದು ಇಳಿದ ದಿನ. ನಾನು ಮಹಡಿಯ ಆ ಎರಡು ಕೋಣೆಗಳಲ್ಲೇ ಬೆಳೆದವಳು.

ಈಗ ನಾನು ತೆರಿಗೆ ಸಲಹೆಗಾರ್ತಿ. ಮನೆಯ ಒಂದು ಭಾಗವನ್ನು ಬಾಡಿಗೆಗೆ ಕೊಡುವವರ ಕಾಗದ ಪತ್ರ ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನಲ್ಲಿಗೆ ಬರುವವರು ಹೇಳುತ್ತಾರೆ, ಸುಳ್ಳಲ್ಲ. ಅಕ್ಕಪಕ್ಕದವರ ಮಾತು ಕೇಳಿ ಎರಡು ಸಾಲಿನ ಕರಾರು ಬರೆದುಕೊಂಡು, ಆಮೇಲೆ ತಲೆ ಮೇಲೆ ಕೈ ಹೊತ್ತು ಕೂರುವ ಮಾಲೀಕರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಂಥವರನ್ನು ಎದುರಿಗೆ ಕೂರಿಸಿಕೊಂಡು ಚೆನ್ನಾಗಿ ಬೈದು, ಆಮೇಲೆ ಅವರ ಕೆಲಸ ಮಾಡಿಕೊಡುತ್ತೇನೆ.

ಎರಡು ವರ್ಷದ ಹಿಂದೆ ದೊಡ್ಡಪ್ಪನಿಗೆ ಪಾರ್ಶ್ವವಾಯು ಬಡಿಯಿತು. ಜೀವ ಉಳಿಯಿತು, ಬಲಗೈ ಹೋಯಿತು. ಅಂಗಡಿ ಮುಚ್ಚಿದರು. ಅಂದಿನಿಂದ ಅವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೇ ಇರುತ್ತಿದ್ದರು. ಮಾತು ಕಡಿಮೆಯಾಗಿತ್ತು. ಈ ವರ್ಷದ ಮೊದಲಲ್ಲಿ ದೊಡ್ಡಮ್ಮ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಓರೆ ಮಾಡಿದಳು.

"ಮನೆ ಕೊಳ್ತೀನಿ ಅಂತ ಒಬ್ರು ಎರಡು ಸಲ ಬಂದು ಹೋದ್ರು ಕಣೇ. ಮೇಲಿನ ಕೋಣೆ ಬಾಡಿಗೆಗೆ ಹೋದ್ರೆ ಇಲ್ಲೇ ಇರ್ತೀವಿ. ಇಲ್ದಿದ್ರೆ ನಾನು ಹೂಂ ಅಂದ್ಬಿಡ್ತೀನಿ. ನಿಮ್ಮ ದೊಡ್ಡಪ್ಪಂಗೆ ಇನ್ನೂ ಹೇಳಿಲ್ಲ."

"ಬಾಡಿಗೆ ಕೊಡೋದು ನನಗೆ ಬಿಡು. ನಾನಿದ್ದೀನಲ್ಲ," ಎಂದೆ. ಎಷ್ಟು ಜಂಬದಿಂದ ಹೇಳಿದೆ ಎಂದು ನೆನೆದರೆ ಈಗಲೂ ಮುಖ ಕೆಂಪಾಗುತ್ತದೆ.

ಈ ಕೆಲಸದಲ್ಲಿ ಇರುವ ತೊಡಕನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಮಾಲೀಕರು ಬೇಕೆಂದಾಗ ಒಳಗೆ ಹೋಗಿ ಬರುವ ಹಾಗಿದ್ದರೆ ನಮ್ಮ ಊರಿನ ನಿಯಮದ ಪ್ರಕಾರ ಅದು ಬಾಡಿಗೆ ಮನೆಯಲ್ಲ, ವಸತಿಗೃಹ. ಆಗ ಇಡೀ ಮನೆಗೆ ವ್ಯಾಪಾರದ ದರದ ತೆರಿಗೆ ಬೀಳುತ್ತದೆ, ಬಂದ ಬಾಡಿಗೆಯೆಲ್ಲ ಅದಕ್ಕೇ ಹೋಗುತ್ತದೆ. ಅದರ ಬದಲು ಆ ಭಾಗ ಪೂರ್ತಿ ಬೇರೆಯಾಗಿ, ತನ್ನದೇ ಬಾಗಿಲು ಬೀಗ ಹೊಂದಿದ್ದರೆ, ಅಷ್ಟು ಭಾಗಕ್ಕೆ ಮಾತ್ರ ಬಾಡಿಗೆಯ ತೆರಿಗೆ, ಉಳಿದದ್ದು ಸ್ವಂತ ವಾಸದ ಮನೆಯಾಗಿಯೇ ಉಳಿಯುತ್ತದೆ. ನಾನು ಟೇಪು ಹಿಡಿದು ಮನೆಯನ್ನು ಮೂಲೆ ಮೂಲೆ ಅಳೆದೆ. ಮಹಡಿಯ ಭಾಗ ಹತ್ತರಲ್ಲಿ ಮೂರು ಪಾಲು. ಸೂರು ದುರಸ್ತಿಯ ಖರ್ಚಿನಲ್ಲೂ ಹತ್ತರಲ್ಲಿ ಮೂರನ್ನು ಬಾಡಿಗೆಯಿಂದ ಕಳೆದು ತೋರಿಸಬಹುದು. ಮನೆ ಇಬ್ಬರ ಹೆಸರಿನಲ್ಲೂ ಇದ್ದುದರಿಂದ ಬಾಡಿಗೆಯನ್ನು ಅರ್ಧರ್ಧ ಬರೆದೆ, ಇಬ್ಬರೂ ಆದಾಯ ತೆರಿಗೆಯ ಗೆರೆಯ ಕೆಳಗೇ ಉಳಿದರು. ಮೇಲೆ ಬೇರೆಯವರು ವಾಸ ಇರುತ್ತಾರೆಂದು ವಿಮೆಯವರಿಗೂ ಪತ್ರ ಕಳಿಸಿದೆ. ಇಲ್ಲದಿದ್ದರೆ ನಾಳೆ ಬೆಂಕಿ ಬಿದ್ದಾಗ ಅವರು ಕೈ ಎತ್ತಿಬಿಡುತ್ತಾರೆ. ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಹೆಂಗಸೊಬ್ಬಳು ಬಾಡಿಗೆಗೆ ಸಿಕ್ಕಳು. ಹೊರಗಿನಿಂದ ಮೆಟ್ಟಿಲೂ ಇತ್ತು. ಒಂದು ಕೂದಲು ತೂರಲೂ ಜಾಗವಿಲ್ಲದ ಹಾಗೆ ಕಾಗದ ಸಿದ್ಧಪಡಿಸಿ, ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಅವಳು ಬಂದು ಸೇರಬೇಕಿದ್ದ ದಿನವೇ, ಕಾಗದದಲ್ಲಿ ಇದ್ದದ್ದನ್ನು ಪರೀಕ್ಷಿಸಲು ತೆರಿಗೆ ಕಚೇರಿಯ ಇನ್‌ಸ್ಪೆಕ್ಟರ್ ಬೆಳಿಗ್ಗೆ ಹತ್ತೂವರೆಗೆ ಬಂದ. ಸಣಕಲು ಮನುಷ್ಯ, ಮೆತ್ತಗಿನ ಮಾತು, ತನ್ನದೇ ಟೇಪು. ದೊಡ್ಡಮ್ಮ ಟೀ ತಂದರೆ "ಕೆಲಸ ಮುಗೀಲಿ ಅಮ್ಮ" ಎಂದ. ಅಂಥವರನ್ನು ಕಂಡರೆ ನನಗೆ ಭಯವೂ ಹೌದು, ಗೌರವವೂ ಹೌದು. ಕೋಣೆ ಕೋಣೆ ಅಳೆದು ನನ್ನ ನಕ್ಷೆಯೊಂದಿಗೆ ಹೋಲಿಸಿದ. ಎಲ್ಲೂ ಅರ್ಧ ಇಂಚು ಆಚೀಚೆ ಇರಲಿಲ್ಲ.

"ಇಷ್ಟು ಅಚ್ಚುಕಟ್ಟಾಗಿ ಯಾರೂ ಕೊಡಲ್ಲ ಮೇಡಂ," ಎಂದ.

ನಾನು ಏನೂ ಆಗದವಳ ಹಾಗೆ ಗೋಡೆ ನೋಡಿದೆ. ಬಾಡಿಗೆದಾರರ ಕೀಲಿಯನ್ನು ಲಕೋಟೆಯಲ್ಲಿ ಹಾಕಿ, ಮೇಲೆ ಚೀಟಿ ಅಂಟಿಸಿ ಇಟ್ಟಿದ್ದೆ. ಅವನು ಅದನ್ನು ತೆಗೆದುಕೊಂಡು ಒಬ್ಬನೇ ಹೊರಗಿನ ಮೆಟ್ಟಿಲು ಹತ್ತಿ, ಮಹಡಿಯ ಬಾಗಿಲು ತೆರೆದು ಮುಚ್ಚಿ ನೋಡಿ ಇಳಿದು ಬಂದ. ಅಷ್ಟರಲ್ಲಿ ಗಾಳಿಗೆ ಬೀದಿ ಬಾಗಿಲು ಧಡಾರನೆ ಮುಚ್ಚಿಕೊಂಡಿತ್ತು. ದೊಡ್ಡಮ್ಮ ತೆರೆಯಲು ಏಳುತ್ತಿದ್ದಳು. ಕೈಯಲ್ಲಿ ಕೀಲಿ ಇದ್ದ ಮನುಷ್ಯ, ಯೋಚನೆಯಿಲ್ಲದೆ ಅದನ್ನು ಬೀಗಕ್ಕೆ ಹಾಕಿ ತಿರುಗಿಸಿರಬೇಕು. ಬಾಗಿಲು ತೆರೆಯಿತು. ಅವನು ಹೊಸ್ತಿಲಲ್ಲಿ ನಿಂತು ಕೀಲಿಯನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡಿದ.

"ಅಮ್ಮ, ಇದು ಮಹಡಿ ಕೀ ಅಲ್ವಾ?"

"ಎಲ್ಲದಕ್ಕೂ ಅದೇನೇ," ಎಂದಳು ದೊಡ್ಡಮ್ಮ, ಹೆಮ್ಮೆಯಿಂದ. "ಹನ್ನೊಂದು ಬಾಗಿಲಿಗೂ ಒಂದೇ. ಇವರೇ ಮಾಡಿದ್ದು."

"ಇಂಥವು ಎಷ್ಟು ಇವೆ?"

ದೊಡ್ಡಮ್ಮ ಬೆರಳು ಮಡಚುತ್ತಾ ಮಕ್ಕಳು, ಸೊಸೆಯಂದಿರು, ಅಳಿಯ, ಮೊಮ್ಮಕ್ಕಳು ಎಂದು ಎಣಿಸಿದಳು. ಇಪ್ಪತ್ಮೂರಕ್ಕೆ ನಿಂತಳು. "ಇವಳದ್ದು ಬಿಟ್ಟೆ, ಇಪ್ಪತ್ನಾಲ್ಕು," ಎಂದು ನನ್ನ ಕಡೆ ಬೆರಳು ತೋರಿಸಿದಳು.

ಮೂವತ್ತೈದು ವರ್ಷದಿಂದ ಆ ಕೀಲಿ ನನ್ನ ಕೈಚೀಲದಲ್ಲಿದೆ. ಆವತ್ತು ಬೆಳಿಗ್ಗೆ ಕೂಡ ಅದರಿಂದಲೇ ಒಳಗೆ ಬಂದಿದ್ದೆ. ಬೇರೆಯವರ ಮನೆಗೆ ಹೋದರೆ ನಾನು ಮೊದಲು ಕೇಳುವ ಪ್ರಶ್ನೆಯೇ "ಕೀ ಯಾರ ಹತ್ರ ಇರುತ್ತೆ?" ಎಂಬುದು. ಈ ಮನೆಯಲ್ಲಿ ಕೇಳಬೇಕೆಂದು ಹೊಳೆಯಲೇ ಇಲ್ಲ. ಬಾಗಿಲು ಎಂದರೆ ನನ್ನ ಕೀಲಿಗೆ ತೆರೆಯುವಂಥದ್ದು ಎಂದೇ ಬೆಳೆದವಳು ನಾನು. ಇದೇ ತಪ್ಪನ್ನು ಇನ್ನೊಬ್ಬರು ಮಾಡಿದ್ದರೆ ಅವರ ನೀರಿಳಿಸುತ್ತಿದ್ದೆ.

ಇನ್‌ಸ್ಪೆಕ್ಟರ್ ಜೋರು ಮಾಡಲಿಲ್ಲ. ಅದೇ ಇನ್ನೂ ಕಷ್ಟವಾಯಿತು. "ನಿಯಮದಲ್ಲಿ ಇರೋದು ಒಂದೇ ಸಾಲು ಮೇಡಂ, ನಿಮಗೇ ಗೊತ್ತು. ಬಾಡಿಗೆಯ ಭಾಗ ಮಾಲೀಕರಿಗೆ ಮುಚ್ಚಿರಬೇಕು. ಇದು ಇಪ್ಪತ್ನಾಲ್ಕು ಜನಕ್ಕೆ ತೆರೆದಿದೆ. ಹೀಗೇ ಇದ್ರೆ ನಾನು ವಸತಿಗೃಹ ಅಂತಲೇ ಬರೀಬೇಕಾಗುತ್ತೆ. ವರದಿ ಇವತ್ತೇ ಹೋಗಬೇಕು. ಹಿಂದಿನ ಬೀದೀಲಿ ಇನ್ನೊಂದು ಮನೆ ಅಳೆಯೋದಿದೆ, ನಾಲ್ಕು ಗಂಟೆಗೆ ಬರ್ತೀನಿ." ಬಾಗಿಲ ತನಕ ಹೋಗಿ ತಿರುಗಿದ. "ಹೊರಗೆ ಹಾಕೋ ಬೀಗ ನಡೆಯಲ್ಲ. ಒಳಗಿಂದಲೂ ಹಾಕ್ಕೊಳ್ಳೋ ಹಾಗಿರಬೇಕು."

ಹೊಸ ಬೀಗ ಕೂರಿಸಿಕೊಡಿ ಎಂದು ನಾನು ಮೂವರು ಬಡಗಿಗಳಿಗೆ ಫೋನ್ ಮಾಡಿದೆ. ಒಬ್ಬ ನಾಳೆ ಎಂದ, ಒಬ್ಬ ನಾಡಿದ್ದು ಎಂದ, ಮೂರನೆಯವನು ಎತ್ತಲೇ ಇಲ್ಲ. ದೊಡ್ಡಮ್ಮ ಟೀ ಲೋಟಗಳನ್ನು ಹಾಗೇ ಬಿಟ್ಟು ಗೋಡೆಗೆ ಒರಗಿದಳು. "ಹೋಗ್ಲಿ ಬಿಡು. ಕೊಳ್ಳೋರಿಗೆ ಹೂಂ ಅಂತೀನಿ," ಎಂದಳು. ಕುರ್ಚಿಯಲ್ಲಿದ್ದ ದೊಡ್ಡಪ್ಪನಿಗೆ ಅದು ಕೇಳಿಸಿತು. ಮನೆ ಮಾರುವ ಮಾತು ಅವರ ಕಿವಿಗೆ ಬಿದ್ದದ್ದು ಅದೇ ಮೊದಲು.

ಅವರು ಹೆಂಡತಿಯನ್ನು ನೋಡಿದರು. ಆಮೇಲೆ ನನಗೆ ಹೇಳಿದರು. "ಮೇಲಿನ ಬೀಗ ಬಿಚ್ಕೊಂಡು ಬಾ."

"ದೊಡ್ಡಪ್ಪ, ನಿಮ್ಮ ಕೈ..."

"ನಾಲ್ಕು ತಿರುಪು ಇದೆ. ಬಿಚ್ಕೊಂಡು ಬಾ ಅಂದೆ."

ಬಾಗಿಲ ಹೊಟ್ಟೆಯೊಳಗೆ ಕೂರಿಸಿದ ಬೀಗ ಅದು, ಕಳಚಿದಾಗ ಇಟ್ಟಿಗೆಯ ತೂಕ. ಅಷ್ಟರಲ್ಲಿ ದೊಡ್ಡಮ್ಮ ಎರಡು ವರ್ಷದಿಂದ ಮುಚ್ಚಿದ್ದ ಅವರ ಕೆಲಸದ ಪೆಟ್ಟಿಗೆಯನ್ನು ಎಳೆದು ತಂದು, ಬೀಗವನ್ನು ಕಚ್ಚಿ ಹಿಡಿಯುವ ವೈಸನ್ನು ಊಟದ ಮೇಜಿಗೆ ಬಿಗಿದಿದ್ದಳು. ದೊಡ್ಡಪ್ಪ ಕುರ್ಚಿ ಎಳೆಸಿಕೊಂಡು ಕೂತು, ಎಡಗೈಯಿಂದ ಬೀಗದ ಮುಚ್ಚಳ ತೆಗೆದರು. ಅದರ ಹೊಟ್ಟೆಯನ್ನು ನಾನು ಯಾವತ್ತೂ ನೋಡಿರಲಿಲ್ಲ. ಒಂದರ ಮೇಲೊಂದು ಐದು ತೆಳ್ಳನೆಯ ಹಿತ್ತಾಳೆ ತಗಡು, ಪ್ರತಿಯೊಂದರಲ್ಲೂ ಬೇರೆ ಬೇರೆ ಎತ್ತರದಲ್ಲಿ ಸಣ್ಣ ಕಿಂಡಿ.

"ಕೀ ಹಲ್ಲು ಒಂದೊಂದು ತಗಡನ್ನ ಅದರದರ ಎತ್ತರಕ್ಕೆ ಎತ್ತಬೇಕು," ಎಂದರು. "ಐದೂ ಕಿಂಡಿ ಒಂದೇ ಗೆರೆಗೆ ಬಂದ್ರೆ ಬೀಗದ ನಾಲಿಗೆ ಸರಿಯುತ್ತೆ. ಒಂದು ಕೂದಲಷ್ಟು ಮೇಲಾಗ್ಲಿ ಕೆಳಗಾಗ್ಲಿ, ಸರಿಯಲ್ಲ. ನಿನ್ನ ಬಲಗೈ ಕೊಡು."

ಅಲ್ಲಿಂದ ಮೂರು ಗಂಟೆ ನನ್ನ ಬಲಗೈ ನನ್ನದಾಗಿರಲಿಲ್ಲ. ತಗಡುಗಳನ್ನು ಅವರು ತೆಗೆದು, ಕಣ್ಣು ಮುಚ್ಚಿ ಬೆರಳಲ್ಲಿ ಸವರಿ, ಬೇರೆ ಸಾಲಿನಲ್ಲಿ ಜೋಡಿಸಿದರು. ಸ್ಪ್ರಿಂಗು ಹಿಡಿಯುವುದು ನಾನು, ಒತ್ತುವುದು ಅವರು. ಹಿಡಿದ ಸ್ಪ್ರಿಂಗು ನನ್ನ ಬೆರಳಿಂದ ಎರಡು ಸಲ ಹಾರಿ ದೊಡ್ಡಮ್ಮ ನೆಲದ ಮೇಲೆ ಮಂಡಿಯೂರಿ ಹುಡುಕಿದಳು. "ಕಾಗದ ಹಿಡಿದೂ ಹಿಡಿದೂ ನಿನ್ನ ಕೈ ಬೆಣ್ಣೆ ಆಗಿಹೋಗಿದೆ," ಎಂದು ದೊಡ್ಡಪ್ಪ ಬೈದರು. ಎರಡು ವರ್ಷದಲ್ಲಿ ಅವರು ನನ್ನನ್ನು ಬೈದಿರಲಿಲ್ಲ. ಕೇಳಿ ನನಗೆ ಅಳು ಬರುವಷ್ಟು ಸಂತೋಷವಾಯಿತು.

ಪೆಟ್ಟಿಗೆಯಲ್ಲಿ ಹಲ್ಲು ಕೊರೆಯದ ಕೀಲಿಗಳು ನಾಲ್ಕೇ ಇದ್ದವು. ಮೊದಲನೆಯದನ್ನು ಮೇಣದಬತ್ತಿಯ ಮೇಲೆ ಹಿಡಿದು ಮಸಿ ಹಿಡಿಸಿದರು. ಅದನ್ನು ಬೀಗದೊಳಗೆ ಹಾಕಿ ಮೆಲ್ಲಗೆ ತಿರುಗಿಸಿ ಹೊರಗೆ ತೆಗೆದರೆ, ತಗಡು ತಾಕಿದ ಕಡೆ ಮಸಿ ಅಳಿಸಿ ಹೊಳೆಯುವ ಗೀಟು. ಅಲ್ಲಿ ಅರದಿಂದ ಉಜ್ಜಬೇಕು. ಎಡಗೈಯಲ್ಲಿ ಅರ ಹಿಡಿದ ಅಭ್ಯಾಸ ಅವರಿಗಿರಲಿಲ್ಲ. ಮೂರನೆಯ ಹಲ್ಲಿನಲ್ಲಿ ಅರ ಜಾರಿ ಕೀಲಿ ಕೆಟ್ಟಿತು. ಅವರು ಅದನ್ನು ನೋಡಿದರು, ಪೆಟ್ಟಿಗೆಗೆ ಎಸೆದರು, ಎರಡನೆಯದಕ್ಕೆ ಮಸಿ ಹಿಡಿಸಿದರು. ನಾನು ಗಡಿಯಾರ ನೋಡಿದೆ, ಒಂದೂವರೆ.

ಎರಡನೆಯ ಕೀಲಿಯನ್ನು ಅವರು ಬೇರೆ ರೀತಿ ಮಾಡಿದರು. ಅರವನ್ನು ನನ್ನ ಕೈಗೆ ಕೊಟ್ಟು, ನನ್ನ ಮಣಿಕಟ್ಟನ್ನು ತಮ್ಮ ಎಡಗೈಯಲ್ಲಿ ಹಿಡಿದುಕೊಂಡರು. "ನೀನು ತಳ್ಳಬೇಡ. ಸುಮ್ನೆ ಹಿಡ್ಕೊ." ಕಣ್ಣು ಮುಚ್ಚಿದರು. ಅರದ ಸದ್ದನ್ನು ಕೇಳುತ್ತಿದ್ದರು. ಕರಕರ ಎನ್ನುವ ಸದ್ದು ಸ್ವಲ್ಪ ತೆಳುವಾದ ಕೂಡಲೇ "ಸಾಕು" ಎನ್ನುತ್ತಿದ್ದರು. ಒಂದು ಎಳೆತ, ಅರ್ಧ ಎಳೆತ, ಒಮ್ಮೆ ಬರೀ ಮುಟ್ಟಿಸಿ ತೆಗೆದದ್ದು. ನಾನು ತೆರಿಗೆಯ ಲೆಕ್ಕದಲ್ಲಿ ಶೇಕಡಾ ಕಾಲು, ಅರ್ಧಕ್ಕೂ ಜಗಳವಾಡಿ ಗೆದ್ದವಳು, ನಿಖರತೆ ಎಂದರೆ ನಾನೇ ಎಂದುಕೊಂಡಿದ್ದೆ. ನನ್ನ ಮಣಿಕಟ್ಟು ಹಿಡಿದಿದ್ದ ಆ ಮುದುಕರ ಮುಂದೆ ನಾನು ಏನೇನೂ ಅಲ್ಲ ಎನಿಸಿತು. ಹಾಗೆ ಅನಿಸಿದ್ದು ಅವಮಾನವಾಗಲಿಲ್ಲ. ದೊಡ್ಡದೊಂದರ ಪಕ್ಕ ಕೂತಿದ್ದೇನೆ ಎಂಬ ಬೆರಗು ಅದು.

ಐದನೆಯ ಹಲ್ಲಾದ ಮೇಲೆ ಕೀಲಿ ಹಾಕಿ ತಿರುಗಿಸಿದರು. ನಾಲಿಗೆ ಸರಕ್ಕನೆ ಹೊರಗೆ ಬಂತು. ಹಳೆಯ ಕೀಲಿ ಹಾಕಿದರೆ ಅಲ್ಲಾಡಲೂ ಇಲ್ಲ. ಮೂರನೆಯದನ್ನು ಎರಡನೆಯದಕ್ಕೆ ಜೋಡಿಸಿ ಹಾಗೇ ಉಜ್ಜಿದರು, ಅದು ಅರ್ಧ ಗಂಟೆಯ ಕೆಲಸ. ಪೆಟ್ಟಿಗೆಯಲ್ಲಿ ಇನ್ನೊಂದು ಉಳಿಯಿತು.

"ಅದನ್ನೂ ಉಜ್ಜಿ ಇಟ್ಕೊಳ್ರಿ," ಎಂದಳು ದೊಡ್ಡಮ್ಮ ಮೆಲ್ಲಗೆ. "ಯಾರಿಗೆ ಗೊತ್ತಾಗುತ್ತೆ? ನಮ್ಮನೇನೇ ಅಲ್ವಾ?"

ನಿಜ ಹೇಳಬೇಕೆಂದರೆ ನನ್ನ ಬಾಯಿಗೂ ಅದೇ ಬಂದಿತ್ತು. ಎಲ್ಲ ಮಾಲೀಕರೂ ಒಂದು ಇಟ್ಟುಕೊಂಡಿರುತ್ತಾರೆ, ನಾನು ನೋಡಿಯೂ ನೋಡದ ಹಾಗೆ ಇರುತ್ತೇನೆ. ದೊಡ್ಡಪ್ಪ ಪೆಟ್ಟಿಗೆ ಮುಚ್ಚಿ, ಅದರ ಮೇಲೆ ಮೊಣಕೈ ಊರಿ ಕೂತರು. ನಾನು ಮೇಲೆ ಹೋಗಿ ಬೀಗವನ್ನು ಬಾಗಿಲಿಗೆ ಕೂರಿಸಿ ಬಂದೆ.

ಇನ್‌ಸ್ಪೆಕ್ಟರ್ ನಾಲ್ಕಕ್ಕೆ ಸರಿಯಾಗಿ ಬಂದ. ಹಳೆಯ ಕೀಲಿ, ಹೊಸ ಕೀಲಿ ಎರಡನ್ನೂ ತೆಗೆದುಕೊಂಡು ಮೇಲೆ ಹೋದ. ಕೆಳಗೆ ಕೂತ ನಮಗೆ ಹಳೆಯದು ತಿರುಗದೆ ಕಟಕಟ ಎನ್ನುವುದು ಕೇಳಿಸಿತು. ಹೊಸದರಲ್ಲಿ ಒಳಗಿನಿಂದಲೂ ಹೊರಗಿನಿಂದಲೂ ಹಾಕಿ ನೋಡಿ ಇಳಿದು ಬಂದ. ಮೇಜಿನ ಮೇಲಿನ ವೈಸ್, ಹಿತ್ತಾಳೆ ಪುಡಿ, ಮಸಿ ಬಳಿದುಕೊಂಡ ನನ್ನ ಕೈ, ಎಲ್ಲವನ್ನೂ ನೋಡಿದ. ನನ್ನ ಲೆಕ್ಕದಲ್ಲಿ ಕೆಲಸ ಮುಗಿದಿತ್ತು. ಅವನ ಲೆಕ್ಕದಲ್ಲಿ ಮುಗಿದಿರಲಿಲ್ಲ.

"ಇದು ನೀವೇ ಮಾಡಿದ್ದಾ?" ಎಂದು ದೊಡ್ಡಪ್ಪನನ್ನು ಕೇಳಿದ.

"ಹೂಂ."

"ಹಾಗಾದ್ರೆ ಬೇಕು ಅಂದಾಗ ಇನ್ನೊಂದು ಕೀ ಮಾಡ್ಕೊಬಹುದು. ಕೀ ಇಲ್ದೇನೂ ತೆರೀಬಹುದು, ಅಲ್ವಾ?"

ನಾನು ಬಾಯಿ ಹಾಕಲು ಹೋದೆ. ದೊಡ್ಡಪ್ಪ ಎಡಗೈ ಎತ್ತಿ ನನ್ನನ್ನು ತಡೆದರು.

"ತೆರೀಬಹುದು," ಎಂದರು. "ಹತ್ತು ನಿಮಿಷ ಸಾಕು."

ನನಗೆ ನೆಲ ಬಾಯಿ ಬಿಟ್ಟರೆ ಇಳಿದುಬಿಡೋಣ ಎನಿಸಿತು. ತೆರಿಗೆ ಇನ್‌ಸ್ಪೆಕ್ಟರ್ ಮುಂದೆ ಹೀಗೆ ಮಾತಾಡುವ ಮಾಲೀಕನನ್ನು ನಾನು ಇಪ್ಪತ್ತು ವರ್ಷದಲ್ಲಿ ಕಂಡಿರಲಿಲ್ಲ. ಇನ್‌ಸ್ಪೆಕ್ಟರ್ ಪೆನ್ನು ಮೇಜಿನ ಮೇಲಿಟ್ಟ.

"ಹಾಗಿದ್ಮೇಲೆ ಮಾಲೀಕರಿಗೆ ಮುಚ್ಚಿದೆ ಅಂತ ನಾನು ಹೇಗೆ ಬರೀಲಿ? ನೀವೇ ಹೇಳಿ."

ನಾನು ಓದಿದ ಅಷ್ಟೂ ಪುಸ್ತಕದಲ್ಲಿ ಬೀಗದವನೇ ಮಾಲೀಕನಾದರೆ ಏನು ಮಾಡಬೇಕೆಂದು ಯಾರೂ ಬರೆದಿರಲಿಲ್ಲ. ದೊಡ್ಡಪ್ಪ ಕೂತಲ್ಲೇ ಸ್ವಲ್ಪ ನೆಟ್ಟಗಾದರು.

"ನಿಮ್ಮ ಕಚೇರೀಲಿ ಕೆಳಗಡೆ ದಾಖಲೆ ಕೋಣೆ ಇದೆ, ಕಬ್ಬಿಣದ ಬಾಗಿಲು. ಅದರ ಬೀಗ ನಾನೇ ಮಾಡಿದ್ದು. ನೀವು ಕೆಲಸಕ್ಕೆ ಸೇರೋಕೆ ಮುಂಚೆ. ಎರಡು ಕೀ ಕೊಟ್ಟೆ, ಮೂರನೇದು ಇಟ್ಕೊಳ್ಳಲಿಲ್ಲ. ಈ ಬೀದೀಲಿ, ಆ ಬೀದೀಲಿ, ಆಸ್ಪತ್ರೆ ಔಷಧಿ ಕಪಾಟು, ಶಾಲೆ ಪರೀಕ್ಷೆ ಪೆಟ್ಟಿಗೆ, ಎಲ್ಲಾ ನಂದೇ. ಎಲ್ಲವನ್ನೂ ನಾನು ತೆರೀಬಹುದು. ನಲವತ್ತು ವರ್ಷ ಆಯ್ತು. ಊರು ಮಲಗಿದ್ದು ನನಗೆ ತೆರೆಯೋಕೆ ಬರಲ್ಲ ಅಂತ ಅಲ್ಲ. ನಾನು ತೆರೆಯಲ್ಲ ಅಂತ." ಉಸಿರು ತೆಗೆದುಕೊಂಡರು. "ಮೇಲೆ ಬಾಡಿಗೆಗೆ ಬರೋ ಆಯಮ್ಮನ ಕೋಣೆ ಅದಕ್ಕಿಂತ ಕಡಿಮೆಯಾ?"

ನಾನು ದೊಡ್ಡಪ್ಪನ ಮುಖ ನೋಡುತ್ತಿದ್ದೆ. ಒಂಬತ್ತನೆಯ ವಯಸ್ಸಿನಿಂದ ಆ ಮುಖ ನೋಡಿಕೊಂಡು ಬೆಳೆದವಳು, ಒಳ್ಳೆಯವರು, ಮುಂಗೋಪಿ, ಬೀಗದ ಹುಚ್ಚು ಎಂದಷ್ಟೇ ತಿಳಿದಿದ್ದೆ. ಇಡೀ ಊರಿನ ಬಾಗಿಲುಗಳನ್ನು ತೆರೆಯಬಲ್ಲ ಕೈಯನ್ನು ನಲವತ್ತು ವರ್ಷ ಸುಮ್ಮನೆ ಇಟ್ಟುಕೊಂಡಿದ್ದ ಮನುಷ್ಯ ಇವರು ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಎದ್ದು ನಿಲ್ಲಬೇಕು ಎನಿಸಿತು. ಎದ್ದೂ ಬಿಟ್ಟೆ. ಯಾಕೆ ಎದ್ದೆ ಎಂದು ದೊಡ್ಡಮ್ಮ ನನ್ನನ್ನೇ ನೋಡಿದಳು.

ಇನ್‌ಸ್ಪೆಕ್ಟರ್ ಪೆನ್ನು ತೆಗೆದುಕೊಂಡ. "ಮಾಲೀಕರಿಗೆ ಮುಚ್ಚಿದೆ" ಎಂದು ಬರೆದ, ಸಹಿ ಹಾಕಿದ, ಮೊಹರು ಒತ್ತಿದ. ಆಮೇಲೆ "ಈಗ ಟೀ ಕೊಡಿ ಅಮ್ಮ," ಎಂದ.

ರಕ್ತ ಪರೀಕ್ಷೆಯ ಹೆಂಗಸು ಐದೂವರೆಗೆ ಎರಡು ಚೀಲ, ಒಂದು ಟೇಬಲ್ ಫ್ಯಾನಿನ ಜೊತೆ ಬಂದಳು. ದೊಡ್ಡಪ್ಪ ಎರಡೂ ಕೀಲಿಗಳನ್ನು ಅವಳ ಅಂಗೈಗೆ ಹಾಕಿದರು. ಅವಳು ಒಂದನ್ನು ವಾಪಸ್ಸು ಚಾಚಿದಳು.

"ಒಂದು ನಿಮ್ಮ ಹತ್ರಾನೇ ಇರ್ಲಿ ಸರ್. ನಾನು ಮರೆಯೋದು ಜಾಸ್ತಿ."

ದೊಡ್ಡಮ್ಮನ ಕೈ ತಾನಾಗಿ ಅರ್ಧ ಮುಂದೆ ಬಂತು. ದೊಡ್ಡಪ್ಪ ತಲೆಯಾಡಿಸಿದರು. "ನಿಮ್ಮ ಕಡೆಯವರು ಯಾರಿಗಾದ್ರೂ ಕೊಟ್ಟಿರಿ. ನಮಗೆ ಬೇಡ." ಅವಳಿಗೆ ವಿಚಿತ್ರ ಎನಿಸಿರಬೇಕು, ಆದರೂ ಕೀಲಿಗಳನ್ನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲು ಹತ್ತಿದಳು. ಬಾಗಿಲು ಮುಚ್ಚಿತು. ಒಳಗಿನಿಂದ ಬೀಗ ಬಿದ್ದ ಸದ್ದು ಕೆಳಗಿನ ತನಕ ಬಂತು.

ಸ್ವಲ್ಪ ಹೊತ್ತಿಗೆ ದೊಡ್ಡಮ್ಮ ತಡಬಡಿಸಿದಳು. ಅವಳ ಕನ್ನಡಕ ಮಹಡಿಯ ಕಿಟಕಿಯ ಮೇಲೆ ಉಳಿದಿತ್ತು. ರೂಢಿಯಂತೆ ಗೋಡೆಯ ಮೊಳೆಯಿಂದ ಕೀಲಿ ತೆಗೆದುಕೊಂಡು ಹೊರಟವಳು, ಬಾಗಿಲಲ್ಲೇ ನಿಂತುಬಿಟ್ಟಳು. ಕೈಯಲ್ಲಿದ್ದ ಕೀಲಿಯನ್ನು ನೋಡಿ, ಏನು ಮಾಡಬೇಕೆಂದು ತಿಳಿಯದೆ ಗಂಡನ ಕಡೆ ತಿರುಗಿದಳು.

"ಬಾಗಿಲು ತಟ್ಟಿ ಕೇಳು," ಎಂದರು ದೊಡ್ಡಪ್ಪ. "ಅದು ಅವರ ಮನೆ."

ಅವಳು ಕೀಲಿಯನ್ನು ಮೊಳೆಗೆ ಮತ್ತೆ ತೂಗುಹಾಕಿ ಬರಿಗೈಯಲ್ಲಿ ಹೋದಳು. ಇಷ್ಟು ವರ್ಷ ತಾನೇ ಗುಡಿಸಿ ಒರೆಸಿದ ಕೋಣೆಯ ಬಾಗಿಲನ್ನು ತಟ್ಟುವುದು ನಮಗೆ ಕೇಳಿಸಿತು. ಮೊದಲು ತೀರ ಮೆಲ್ಲಗೆ, ಆಮೇಲೆ ಸ್ವಲ್ಪ ಜೋರಾಗಿ. ಬೀಗ ತಿರುಗಿತು. ಹೆಂಗಸಿನ ದನಿ ಏನೋ ಹೇಳಿತು, ದೊಡ್ಡಮ್ಮ ಏನೋ ಅಂದಳು, ಆಮೇಲೆ ಎರಡು ಜೊತೆ ಕಾಲಿನ ಸದ್ದು ನಮ್ಮ ತಲೆಯ ಮೇಲೆ ಓಡಾಡಿತು. ದೊಡ್ಡಪ್ಪ ಕತ್ತೆತ್ತಿ ಸೂರು ನೋಡುತ್ತಿದ್ದರು.

"ಒಳಗೆ ಕರೆದ್ರಾ?" ಎಂದು ಕೇಳಿದರು.

"ಕರೆದ್ರು ದೊಡ್ಡಪ್ಪ."

ಅವರ ಕಣ್ಣು ತುಂಬಿತ್ತು, ಒರೆಸಿಕೊಳ್ಳಲಿಲ್ಲ. "ಹಾಗಾದ್ರೆ ಆ ಕೊಳ್ಳೋ ಮನುಷ್ಯಂಗೆ ಫೋನ್ ಮಾಡು," ಎಂದರು. "ಈ ಮನೇಲಿ ಜನ ಇದ್ದಾರೆ ಅಂತ ಹೇಳು."